ಕಿರಣ ನಿಂತ ಜಾಗ

ಕಳೆದ ವರ್ಷ ದೀಪಾವಳಿ ಮುಗಿದ ಮರುವಾರ, ಮಂಗಳವಾರ ಬೆಳಗ್ಗೆ, ನನ್ನ ಅಕ್ಕನ ತಲೆಗೆ ಕೊಡುತ್ತಿದ್ದ ಪ್ರೋಟಾನ್ ಚಿಕಿತ್ಸೆಯನ್ನು ಆಸ್ಪತ್ರೆಯವರು ನಿಲ್ಲಿಸಿದರು. ಕಾರಣ ಹೇಳಲಿಲ್ಲ. ಅದೇ ದಿನ, ಅದೇ ಯಂತ್ರದಲ್ಲಿ, ಅವಳಿಗಿಂತ ಹಿಂದಿನ ಸರದಿಯವರಿಗೂ ಮುಂದಿನ ಸರದಿಯವರಿಗೂ ಚಿಕಿತ್ಸೆ ನಡೆಯಿತು.

ಎರಡನೇ ಸಂಗತಿಯನ್ನು ಗಮನಿಸಿ ನನಗೆ ಫೋನ್ ಮಾಡಿದವರು ಬಾವ. ಅವರು ಅರಕಲಗೂಡಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಯಾವ ಯಂತ್ರದ ಮುಂದೆ ನಿಂತರೂ ಮೊದಲು ಅದರ ಸದ್ದು ಕೇಳಿಸಿಕೊಳ್ಳುವ ಮನುಷ್ಯ.

"ಮಿಷನ್ ಕೆಟ್ಟಿದ್ರೆ ಎಲ್ರುನ್ನೂ ನಿಲ್ಲುಸ್ಬೇಕಿತ್ತು ಕಣಪ್ಪ. ನಿಮ್ಮಕ್ಕುನ್ನ ಮಾತ್ರ ಯಾಕ್ ವಾಪಸ್ ಕಳುಸ್ದ್ರು? ನಮ್ ಡಿಪೋಲಿ ಒಂದೇ ಒಂದು ಗಾಡಿ ಶೆಡ್ಡಿಗಾಕವ್ರೆ ಅಂದ್ರೆ ಅದ್ರಲ್ಲಿ ಏನೋ ಆಗೈತೆ ಅಂತ್ಲೇ ಲೆಕ್ಕ. ನೀನೇ ಬಾ. ನಾನ್ ಕೇಳುದ್ರೆ ಇಂಗ್ಲೀಷಲ್ಲಿ ನಗ್ತಾರೆ."

ನಾನು ಹಾಸನದಲ್ಲಿ ಪತ್ರಿಕೆಯೊಂದರ ಜಿಲ್ಲಾ ಕಚೇರಿಯಲ್ಲಿದ್ದೇನೆ. ನೋಡಿದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರೆ ಮಾಡುವುದೇ ನನ್ನ ಕೆಲಸ. ಇಲ್ಲಿಯೂ ಅದೇ ಕ್ರಮದಲ್ಲಿ ಬರೆಯುತ್ತೇನೆ.

ಅಕ್ಕ ಹೊಳೆನರಸೀಪುರದಲ್ಲಿ ಮನೆಯ ಮುಂಗೋಣೆಯಲ್ಲಿ ಹೊಲಿಗೆ ತರಗತಿ ನಡೆಸುತ್ತಾಳೆ. ಕಾಯಿಲೆ ಗೊತ್ತಾಗಿದ್ದು ದಾರದಿಂದ. ಒಂದು ಮಧ್ಯಾಹ್ನ ಎಡಗಣ್ಣಿಗೆ ಏನೋ ಬಿದ್ದು ಅದನ್ನು ಮುಚ್ಚಿಕೊಂಡಾಗ, ಕೈಯಲ್ಲಿದ್ದ ಕೆಂಪು ದಾರದುಂಡೆ ಬಲಗಣ್ಣಿಗೆ ಕೆಸರಿನ ಬಣ್ಣವಾಗಿ ಕಂಡಿತು. ಕಲಿಯಲು ಬಂದ ಹುಡುಗಿಯರು ತಮಾಷೆಗೆ ಉಂಡೆ ಬದಲಿಸಿದರು ಎಂದುಕೊಂಡು ಬೈದಳಂತೆ. ಹಾಸನದ ಕಣ್ಣಿನ ವೈದ್ಯರು ಕನ್ನಡಕ ಬರೆಯಲಿಲ್ಲ, ಎಂ.ಆರ್.ಐ.ಗೆ ಕಳುಹಿಸಿದರು. ಬಲಗಣ್ಣಿನ ಹಿಂದೆ, ತಲೆಬುರುಡೆಯ ತಳದಲ್ಲಿ ಗೆಡ್ಡೆ ಇತ್ತು. ಮೂಗಿನ ಮೂಲಕ ಆಪರೇಷನ್ ಮಾಡಿ ತೆಗೆಯುವಷ್ಟು ತೆಗೆದರು. ಆಮೇಲೆ ಕೆಂಪು ದಾರ ಇಟ್ಟಿಗೆ ಬಣ್ಣಕ್ಕೆ ಬಂತು. ಕಣ್ಣಿನ ನರಕ್ಕೆ ಅಂಟಿಕೊಂಡಿದ್ದ ಚೂರು ಮಾತ್ರ ಉಳಿಯಿತು.

ಆ ಚೂರಿಗೆ ಪ್ರೋಟಾನ್ ಕಿರಣ ಕೊಡಿಸಿ ಎಂದರು. ಮಾಮೂಲಿ ವಿಕಿರಣ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆಯಿಂದ ಹೊರಬೀಳುತ್ತದೆ. ಇದನ್ನು ಇಷ್ಟೇ ಆಳಕ್ಕೆ ಹೋಗಿ ನಿಲ್ಲುವಂತೆ ಮಾಡಬಹುದು, ನಿಲ್ಲುವ ಜಾಗದಲ್ಲೇ ಅದು ಹೆಚ್ಚು ಸುಡುವುದು. ಅಕ್ಕನಿಗೆ ಬಲಗಿವಿಯ ಮೇಲಿನಿಂದ ಬಿಟ್ಟು, ಗೆಡ್ಡೆಯ ಕೊನೆಯ ಅಂಚಿನಲ್ಲಿ, ನರಕ್ಕೆ ಮೊದಲು ನಿಲ್ಲಿಸಬೇಕು. ಮುಂದೆ ಹೋದರೆ ನರ ಸುಡುತ್ತದೆ. ಹಿಂದೆಯೇ ನಿಂತರೆ ಗೆಡ್ಡೆ ಉಳಿದು, ಬೆಳೆದು, ಅದೇ ನರವನ್ನು ಒತ್ತುತ್ತದೆ. ಎರಡರಲ್ಲಿ ಯಾವುದಾದರೂ ಹೋಗುವುದು ಬಲಗಣ್ಣೇ. ಇಷ್ಟನ್ನು ನಮಗೆ ಮೊದಲೇ ಸ್ಪಷ್ಟವಾಗಿ ಹೇಳಿದ್ದರು.

ಆಸ್ಪತ್ರೆ ಇದ್ದದ್ದು ಪಕ್ಕದ ರಾಜ್ಯದ ನಗರದಲ್ಲಿ. ಹತ್ತಿರದ ಲಾಡ್ಜಿನಲ್ಲಿ ಕೋಣೆ ಹಿಡಿದೆವು. ಅಡಿಗೆಗೆ ಬಾವನ ತಾಯಿ ಜೊತೆಗೆ ಹೋದರು. ಅವರನ್ನು ನಾನು ಅತ್ತೆ ಎನ್ನುತ್ತೇನೆ. ಅವರ ತವರು ಚನ್ನರಾಯಪಟ್ಟಣದ ಕಡೆ. ಲಾಡ್ಜಿನಲ್ಲೂ ಮುದ್ದೆ ತೊಳಸುವುದನ್ನು ಬಿಡಲಿಲ್ಲ. ಒಳಗೆ ಯಾರನ್ನೋ ಹೊಡೆಯುತ್ತಿದ್ದಾರೆಂದು ಕೆಳಗಿನ ಕೋಣೆಯವರು ಮ್ಯಾನೇಜರನ್ನು ಕರೆತಂದಿದ್ದರಂತೆ.

ನಮ್ಮ ಕಡೆ ವಿಕಿರಣಕ್ಕೆ "ಕರೆಂಟು" ಅನ್ನುತ್ತಾರೆ. ಕರೆಂಟು ಇಡಿಸಿಕೊಂಡವರು ಸುಟ್ಟ ಕುತ್ತಿಗೆ ತೋರಿಸಿದ್ದನ್ನು ಎಲ್ಲರೂ ನೋಡಿದ್ದರು. ಅಕ್ಕನಿಗೆ ಗಾಯವಿಲ್ಲ, ನೋವಿಲ್ಲ. ಮುಖಕ್ಕೆ ಅಚ್ಚು ಹಾಕಿ ಮಾಡಿದ ಬಲೆಯಂಥ ಮುಖವಾಡ ತೊಡಿಸಿ, ಮಲಗಿಸಿ, ಸ್ವಲ್ಪ ಹೊತ್ತಿಗೆ ಎಬ್ಬಿಸಿ ಕಳುಹಿಸುತ್ತಾರೆ. ಸಾಲಗಾಮೆಯಿಂದ ನೋಡಲು ಬಂದಿದ್ದ ದೊಡ್ಡಪ್ಪ ಅಷ್ಟನ್ನೂ ಕೇಳಿ, "ಅಂಗಾರೆ ಕೊಟ್ರು ಅನ್ನಕ್ಕೆ ಸಾಕ್ಷಿ ಏನ್ಲಾ? ಮಲಗ್ಸಿ ಎಬ್ಬುಸಕ್ಕೆ ನಮ್ಮನೇಲಿ ಮಂಚ ಇರ್ನಿಲ್ವಾ?" ಎಂದಿದ್ದರು.

ಅದೇ ಪ್ರಶ್ನೆಯನ್ನು ಸ್ವಲ್ಪ ಮರ್ಯಾದೆಯಾಗಿ ನಾನು ಆಸ್ಪತ್ರೆಯ ಭೌತವಿಜ್ಞಾನಿಗೆ ಕೇಳಿದ್ದೆ. ಕಿರಣ ಎಷ್ಟು, ಎಲ್ಲಿಗೆ ಎಂದು ಲೆಕ್ಕ ಹಾಕಿ ಪರೀಕ್ಷಿಸುವುದು ಆಕೆಯ ಕೆಲಸ. ಮಂಡ್ಯ ಕಡೆಯವರು, ಕನ್ನಡದಲ್ಲೇ ಮಾತಾಡಿದರು.

"ಸಾಕ್ಷಿ ಇದೆ ಸರ್. ಕಿರಣ ಹೋದ ದಾರಿಯಲ್ಲಿ ಕೆಲವು ಪರಮಾಣುಗಳು ಬದಲಾಗಿ, ಕೆಲವು ನಿಮಿಷ ಸಣ್ಣಗೆ ವಿಕಿರಣ ಸೂಸ್ತಾ ಇರ್ತವೆ. ಹಾವು ಹೋದ ಮೇಲೆ ಧೂಳಲ್ಲಿ ಗೆರೆ ಉಳಿಯಲ್ವಾ, ಹಂಗೆ. ಅದು ಅಳಿಸೋದ್ರೊಳಗೆ ಪಕ್ಕದ ರೂಮಿಗೆ ಕರ್ಕೊಂಡೋಗಿ ಸ್ಕ್ಯಾನ್ ಮಾಡ್ತೀವಿ. ಗೆರೆ ಎಲ್ಲಿಗೆ ಮುಗಿದಿದೆ ಅಂತ ನೋಡಿ ಕಿರಣ ಎಲ್ಲಿ ನಿಂತಿತು ಅಂತ ಲೆಕ್ಕ ಹಾಕ್ತೀವಿ."

"ದಿನಾ ನೋಡ್ತೀರಾ?"

"ದಿನಾ ಅಲ್ಲ. ಕೆಲವು ದಿನ."

ಆ "ಕೆಲವು ದಿನ" ನನ್ನ ತಲೆಯಲ್ಲಿ ಉಳಿದಿತ್ತು.

ಬಾವನ ಫೋನ್ ಬಂದ ದಿನವೇ ಹಾಸನದಲ್ಲಿ ರೈಲು ಹತ್ತಿದೆ. ಲಾಡ್ಜಿನ ಕೋಣೆಯಲ್ಲಿ ನಾನು ಕಂಡದ್ದು: ಮಂಚದ ಮೇಲೆ ಅಕ್ಕ, ತಲೆಗೆ ಸೆರಗು ಹೊದ್ದು ಕೂತಿದ್ದಳು. ದಿಂಬಿನಿಂದ ಹರಳೆಣ್ಣೆಯ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಸೂಜಿಗೆ ಪೋಣಿಸಿದ ಕಪ್ಪು ದಾರವಿತ್ತು. ಹೊಲಿಗೆಯವಳ ಕೋಣೆಯಲ್ಲಿ ದಾರ ಇರುವುದು ಸುದ್ದಿಯಲ್ಲ. ನನ್ನ ಅನುಮಾನವೆಲ್ಲ ಆಗ ರಸ್ತೆಯಾಚೆಯ ಕಟ್ಟಡದ ಮೇಲಿತ್ತು.

ಮರುದಿನ ವೈದ್ಯರು ಸಿಕ್ಕಿದ್ದು ಸ್ವಲ್ಪವೇ ಹೊತ್ತು. "ಚಿತ್ರ ನಮ್ಮ ಯೋಜನೆಗೆ ಹೊಂದುತ್ತಿಲ್ಲ, ಪರಿಶೀಲಿಸುತ್ತಿದ್ದೇವೆ" ಎಂದರು. ಇಂಥ ವಾಕ್ಯಗಳನ್ನು ನಾನು ಜಿಲ್ಲಾಡಳಿತದ ಪ್ರಕಟಣೆಗಳಲ್ಲಿ ಓದಿದ್ದೇನೆ. ಅಕ್ಕನನ್ನು ಕರೆದುಕೊಂಡು ಭೌತವಿಜ್ಞಾನಿಯ ಮೇಜಿಗೆ ಹೋದೆ. ಆಕೆ ಪರದೆ ನಮ್ಮ ಕಡೆ ತಿರುಗಿಸಿದರು. ಬೂದು ಬಣ್ಣದ ತಲೆಬುರುಡೆ. ಬಲಗಿವಿಯ ಕಡೆಯಿಂದ ಒಳಗೆ ಹರಿದ ಕಿತ್ತಳೆ ಬಣ್ಣ. ಅದು ಮುಟ್ಟಬೇಕಾದ ಜಾಗದಲ್ಲಿ ಒಂದು ಬಿಳಿ ಗೆರೆ. ಬಣ್ಣ ಗೆರೆಗೆ ಮುಟ್ಟಿರಲಿಲ್ಲ. ನರದ ಪಕ್ಕ ಕೆಲವು ಮಿಲಿಮೀಟರ್‌ನಷ್ಟು ಜಾಗ ಬರೀ ಬೂದು.

"ಇದು ಯಾವಾಗಿನಿಂದ ಹೀಗೆ?"

"ಇದು ಸೋಮವಾರದ್ದು. ಹಿಂದಿನ ಚಿತ್ರ ಸರಿಯಾಗಿತ್ತು."

"ಹಿಂದಿನದು ಯಾವಾಗ ತೆಗೆದದ್ದು?"

"ಆಯುಧಪೂಜೆಗೆ ಮುಂಚೆ."

"ನಡುವೆ?"

"ಚಿಕಿತ್ಸೆ ಕೊಟ್ಟಿದ್ದೀವಿ. ದಿನಾ ಎಕ್ಸ್‌ರೇ ತೆಗೆದು ಮೂಳೆ ಹೊಂದಿಸಿದ್ದೀವಿ. ಒಂದು ಕೂದಲೆಳೆ ಕೂಡ ಆಚೀಚೆ ಇರಲಿಲ್ಲ."

"ಆ ದಿನಗಳಲ್ಲಿ ಕಿರಣ ಎಲ್ಲಿ ನಿಂತಿತು?"

"ಯೋಜನೆ ಪ್ರಕಾರ..."

"ಯೋಜನೆ ಬಿಡಿ ಮೇಡಂ. ನೋಡಿದ್ದು ಹೇಳಿ."

ಆಕೆ ಪರದೆಯನ್ನೇ ನೋಡುತ್ತಾ, "ನೋಡಿಲ್ಲ ಸರ್" ಎಂದರು.

ಆಮೇಲೆ ಅಕ್ಕನ ಕಡೆ ತಿರುಗಿ, "ಅಮ್ಮಾ, ತಲೆಯಲ್ಲಿ ಪಿನ್ನು, ಕ್ಲಿಪ್ಪು ಏನಾದ್ರೂ ಇತ್ತಾ? ನೆನಪು ಮಾಡ್ಕೊಳ್ಳಿ" ಎಂದರು.

"ಇಲ್ಲ ಮೇಡಂ. ಒಂದು ಪಿನ್ನೂ ಇರ್ನಿಲ್ಲ" ಎಂದಳು ಅಕ್ಕ. ಆ ಮಾತು ನಿಜವಾಗಿತ್ತು.

ಮರುದಿನ ಮುಖವಾಡ ತೊಡಿಸಿ ಹೊಸದಾಗಿ ಸಿ.ಟಿ. ತೆಗೆದರು. ಎಲ್ಲ ಮೊದಲಿನಂತೆಯೇ ಇತ್ತು. ಕಿರಣವನ್ನು ನೀರಿನ ತೊಟ್ಟಿಗೆ ಬಿಟ್ಟು ಅಳೆದರು. ಅದೂ ಸರಿಯಾಗಿತ್ತು. ತಲೆಯಲ್ಲಿ ತಪ್ಪಿಲ್ಲ, ಯಂತ್ರದಲ್ಲಿ ತಪ್ಪಿಲ್ಲ, ಚಿತ್ರದಲ್ಲಿ ಮಾತ್ರ ಕೊರತೆ. ಊರಿಗೆ ಹೋಗಿರಿ, ಕರೆಯುತ್ತೇವೆ ಎಂದರು. ಇಂಥ ಚಿಕಿತ್ಸೆಯನ್ನು ನಡುವೆ ತುಂಬ ದಿನ ಬಿಡಬಾರದಲ್ಲವೇ ಎಂದು ಕೇಳಿದೆ. ಕೆಲವು ದಿನವಾದರೆ ಸರಿದೂಗಿಸಬಹುದು ಎಂದರು. ಎಷ್ಟು ದಿನವಾದರೆ ಆಗುವುದಿಲ್ಲ ಎಂದರೆ, ಮತ್ತೆ ಕರೆಯುತ್ತೇವೆ ಎಂದರು.

"ಮುಚ್ಚಾಕ್ತಾವ್ರೆ" ಎಂದರು ಬಾವ, ರೈಲಿನಲ್ಲಿ. "ಮಿಷನ್ ಎಡವಟ್ಟಾಗೈತೆ. ರಾತ್ರೋರಾತ್ರಿ ರಿಪೇರಿ ಮಾಡಿ, ಬೆಳಗ್ಗೆ ನೀರ್ಗೆ ಬುಟ್ಟು ಸರಿ ಐತೆ ಅಂತಾವ್ರೆ. ನಾನೂ ಎಷ್ಟು ಗಾಡೀಗೆ ಇಂಗ್ ಮಾಡಿಲ್ಲ! ನೀನ್ ಬರಿ ಬಾಮೈದ, ಪೇಪರಲ್ಲಿ."

ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು.

ಹಾಸನಕ್ಕೆ ಬಂದು ಬರೆಯಲು ಕೂತೆ. ಮೂರು ಪ್ಯಾರಾ ಆಯಿತು. ನಾಲ್ಕನೆಯದು ಆಸ್ಪತ್ರೆಯ ಉತ್ತರಕ್ಕೆಂದು ಖಾಲಿ ಇಟ್ಟೆ. ಅದು ತುಂಬದೆ ಸುದ್ದಿ ಕಳುಹಿಸುವ ಪದ್ಧತಿ ನಮ್ಮಲ್ಲಿಲ್ಲ.

ಆ ಭಾನುವಾರ ಹೊಳೆನರಸೀಪುರದ ಅಕ್ಕನ ಮನೆಯಲ್ಲಿದ್ದೆ. ಬೀದಿಯಲ್ಲಿ ಕೂದಲಿಗೆ ಪಾತ್ರೆ ಕೊಡುವವನ ಕೂಗು ಕೇಳಿಸಿತು. ನಮ್ಮ ಕಡೆ ಹೆಂಗಸರು ಬಾಚುವಾಗ ಉದುರಿದ ಕೂದಲನ್ನು ಎಸೆಯುವುದಿಲ್ಲ. ಸುತ್ತಿ ಕವರಿಗೆ ಹಾಕಿ, ಬಚ್ಚಲುಮನೆಯ ಮೊಳೆಗೆ ನೇತುಹಾಕಿ, ಅವನು ಬಂದಾಗ ಕೊಡುತ್ತಾರೆ. ಅತ್ತೆ ಎದ್ದು ಹೋದವರು ಕವರನ್ನು ಒಳಹೊರಗು ಮಾಡಿಕೊಂಡು ಬಂದರು.

"ಇದೇನವ್ವ ಇದು, ಒಂದೆಳೇನೂ ಇಲ್ಲ! ನಿನ್ ತಲೆ ಕೂದ್ಲು ಇಡಿಇಡಿಯಾಗಿ ಉದುರ್ತಾ ಐತಲ್ಲ, ಎಲ್ಲೋಯ್ತು? ಲಾಡ್ಜಲ್ಲಿ ನಾನೇ ಸುತ್ತಿ ಸುತ್ತಿ ಇಟ್ಟಿದ್ನಲ್ಲ?"

"ನಂಗೇನ್ ಗೊತ್ತತ್ತೆ" ಎಂದಳು ಅಕ್ಕ, ಒಳಗಿನಿಂದಲೇ.

"ಯಾರೋ ಎತ್ಕಂಡವ್ರೆ. ಕಾಯ್ಲೆಯೋಳ ಕೂದ್ಲು ಯಾವುಕ್ಕೆ ಎತ್ಕಂತಾರೆ ಅಂತ ನಂಗ್ ಗೊತ್ತಿಲ್ವಾ? ಮಾಟುಕ್ಕೆ. ಅದುಕ್ಕೇ ಕರೆಂಟು ಒಳುಕ್ ಓಗ್ತಾ ಇಲ್ಲ."

ಪಾತ್ರೆಯವನು ತನಗೂ ಇದಕ್ಕೂ ಸಂಬಂಧವಿಲ್ಲವೆಂದು ಗಾಡಿ ಮುಂದಕ್ಕೆ ತಳ್ಳಿದ. ಅತ್ತೆ ಮರುದಿನವೇ ತವರಿಗೆ ಹೋಗಿ, ಅಲ್ಲಿ ಶಾಸ್ತ್ರ ಹೇಳುವವರೊಬ್ಬರನ್ನು ಕೇಳಿಕೊಂಡು ಬಂದರು. "ಒಳಗಿನೋರ ಕೈಲೇ ಐತೆ" ಎಂದು ಶಾಸ್ತ್ರದವನು ಹೇಳಿದನಂತೆ. ಅತ್ತೆ ಪಕ್ಕದ ಮನೆಯವರ ಜೊತೆ ಮಾತು ಬಿಟ್ಟರು, ಹೊಲಿಗೆ ಕಲಿಯಲು ಬರುತ್ತಿದ್ದ ಹುಡುಗಿಯರ ಚೀಲಗಳನ್ನು ದುರುಗುಟ್ಟಿ ನೋಡತೊಡಗಿದರು.

"ಆಸ್ಪತ್ರೆಯೋರ್ಗಿಂತ ನಿಮ್ ಶಾಸ್ತ್ರದೋನೇ ವಾಸಿ ಕಣವ್ವ, ಒಂದು ಉತ್ತರ ಆದ್ರೂ ಕೊಟ್ಟವ್ನೆ" ಎಂದು ಬಾವ, ಆ ವಾರ ನಾನು ಮತ್ತೆ ಹೋದಾಗ, ನಕ್ಕರು. ಅಕ್ಕ ನಗಲಿಲ್ಲ. ಸಾಮಾನ್ಯವಾಗಿ ಅತ್ತೆಯ ಶಾಸ್ತ್ರದ ಮಾತಿಗೆ ಮೊದಲು ನಗುವವಳು ಅವಳೇ.

ಸಂಜೆ ಹುಡುಗಿಯರು ಹೋದ ಮೇಲೆ ಹೊಲಿಗೆ ಕೋಣೆಗೆ ಹೋಗಿ, "ಅಕ್ಕ, ಕೂದಲು ಎಲ್ಲಿ?" ಎಂದು ಕೇಳಿದೆ.

ಅವಳು ಹೊಲಿಗೆ ಮಷೀನಿನ ಚಕ್ರ ನಿಲ್ಲಿಸಿದಳು. ಆಮೇಲೆ ಅದರ ಡ್ರಾಯರ್ ಎಳೆದಳು. ಬಟನ್ನುಗಳ ಹಿಂದೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಚೌರಿ ಇತ್ತು. ಚೌರಿಯನ್ನು ನಮ್ಮ ಮನೆಗಳಲ್ಲಿ ಉದುರಿದ ಕೂದಲಿನಿಂದಲೇ ಕಟ್ಟುತ್ತಾರೆ, ಜಡೆ ತುಂಬಿ ಕಾಣಲೆಂದು. ಇದು ಜಡೆಗೆ ಮಾಡಿದ್ದಲ್ಲ. ಅಂಗೈಯಗಲ, ಬೆರಳಷ್ಟು ದಪ್ಪ, ಹರಳೆಣ್ಣೆ ಹಚ್ಚಿ ಒತ್ತಿ ಒತ್ತಿ ಕೂರಿಸಿದ್ದು. ಅಂಚಿನಲ್ಲಿ ಸುತ್ತಲೂ ಕಪ್ಪು ದಾರದ ಹೊಲಿಗೆ, ದಾರ ಅಲ್ಲಲ್ಲಿ ಕತ್ತರಿಸಿತ್ತು.

"ಕಿವಿ ಮ್ಯಾಲೆ ಒಂದ್ ಜಾಗ ಬೋಳಾಗೋಗಿತ್ತು ಕಣ್ಲಾ" ಎಂದಳು. "ಆಯುದ್ಪೂಜೇಲಿ ಈ ಮಿಷನ್ಗೆ ಪೂಜೆ ಮಾಡಕ್ಕೆ ಅಂತ ಊರ್ಗ್ ಬಂದಿದ್ನಲ್ಲ, ಆವತ್ತು ಕಲಿಯಕ್ ಬರೋರಲ್ಲಿ ಒಬ್ಳು ನನ್ ತಲೆ ನೋಡಿ ಮೊಕ ತಿರುಗುಸ್ಕಂಡ್ಲು. ಅತ್ತೆ ಬ್ಯಾರೆ, ಮುತ್ತೈದೆ ತಲೇಲಿ ಇದೇನವ್ವ ಅಂದ್ರು. ಅದುಕ್ಕೇ ಇರೋ ಕೂದ್ಲಿಗೆ ಸೇರ್ಸಿ ಒಲ್ಕಂಡೆ."

"ಆಸ್ಪತ್ರೆಯಲ್ಲಿ ಕಿರಣ ಬಿಡುವಾಗಲೂ ತಲೆಯಲ್ಲೇ ಇತ್ತಾ?"

"ಪಿನ್ನು ಇಕ್ಬ್ಯಾಡಿ ಅಂದ್ರು, ಇಕ್ಲಿಲ್ಲ. ದಾರ ಬ್ಯಾಡ ಅಂತ ಯಾರೂ ಅನ್ಲಿಲ್ಲ. ದಿನಾ ಬಿಚ್ಚಿ ದಿನಾ ಒಲಿಯಕ್ಕಾಯ್ತದಾ? ಮೊಕುಕ್ಕೆ ಆಕೋದು ಬಿಗಿಯಾಯ್ತಾ ಅಂತ ಕೇಳ್ತಿದ್ರು. ಇಲ್ಲ ಅಂತಿದ್ದೆ."

"ಸಿ.ಟಿ. ದಿನ?"

"ತಲೇಲಿ ಏನಾದ್ರೂ ಇತ್ತಾ ಅಂತ ಆಯಮ್ಮ ಕೇಳುದ್ರಲ್ಲ, ಆವತ್ತೇ ಲಾಡ್ಜಿಗೆ ಬಂದೋಳೇ ಕತ್ರುಸ್ಬುಟ್ಟೆ."

ಕೊರತೆ ಹೇಗಾಯಿತೆಂದು ನನಗೆ ಆಗ ಹೊಳೆಯಿತು. ಆದರೆ ಅದು ಊಹೆ. ಎಕ್ಸ್‌ರೇಯವರು ನೋಡಿದ್ದು ಮೂಳೆಯನ್ನು. ಕಿರಣ ಗೆಡ್ಡೆಗೆ ಹೋಗುವ ಮೊದಲು ಈ ಬಿಲ್ಲೆಯನ್ನು ದಾಟಬೇಕಿತ್ತು. ದಾಟುವುದಕ್ಕೆ ಖರ್ಚಾದಷ್ಟು ಆಳ ಒಳಗೆ ಕಡಿಮೆಯಾಗಿರಬೇಕು. ಅವಳಿಗೂ ಹಾಗೆಂದೆ.

"ಇಷ್ಟ್ ಕೂದ್ಲಿಗೆ ಇಂದುಕ್ ಸರೀತದಾ ಅಂತಾ ದೊಡ್ಡ ಮಿಷನ್ನು?"

"ಸರಿಯಬಹುದು. ಹೇಳೋಣ."

"ಯೋಳ್ಬ್ಯಾಡ ಕಣ್ಲಾ. ನಿಮ್ ಬಾವ ಊರೆಲ್ಲ ಮಿಷನ್ ಕೆಟ್ಟೈತೆ ಅಂತ ಸಾರ್ಕಂಡ್ ಬಂದವ್ರೆ. ಇಡೀ ಆಸ್ಪತ್ರೆ ನಗ್ತದೆ." ಆಮೇಲೆ ತಾನೇ ಕೇಳಿದಳು, "ಯೋಳ್ದೆ ಓದ್ರೆ?"

"ಕಿರಣ ಕಮ್ಮಿ ಬೀಳ್ತಿದೆ ಅಂತ ಅವರು ಇನ್ನೂ ಮುಂದಕ್ಕೆ ತಳ್ಳಬಹುದು. ಈಗ ಅಲ್ಲಿ ಚೌರಿ ಇಲ್ಲ. ತಳ್ಳಿದ್ದು ನರದ ಮೇಲೆ ಹೋಗುತ್ತೆ."

ಅವಳು ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ಗೋಡೆಯ ಮೇಲಿನ ದಾರದುಂಡೆಗಳ ಸಾಲನ್ನು ನೋಡಿದಳು. ಕೈ ತೆಗೆದು, "ಫೋನ್ ಕೊಡು" ಎಂದಳು.

ಭೌತವಿಜ್ಞಾನಿ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ನಗಲಿಲ್ಲ. ಕೊನೆಗೆ, "ಅಮ್ಮಾ, ಅದನ್ನ ಬಿಸಾಡಬೇಡಿ. ತೊಳೀಲೂಬೇಡಿ. ಹೆಂಗಿದೆಯೋ ಹಂಗೇ ತಗೊಂಡು ನಾಳೇನೇ ಹೊರಡಿ" ಎಂದರು.

ಚೌರಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಮುಖವಾಡ ಬಿಗಿದು, ಮತ್ತೆ ಸಿ.ಟಿ. ತೆಗೆದರು. ಲೆಕ್ಕ ಹಾಕಿದರು. ನಾನು ಎದುರಿಗೇ ಕೂತಿದ್ದೆ.

"ಹೆಚ್ಚುಕಮ್ಮಿ ಹೊಂದುತ್ತೆ ಸರ್."

"ಹೆಚ್ಚೋ ಕಮ್ಮಿಯೋ?"

ಆಕೆ ನನ್ನ ಮುಖ ನೋಡಿದರು. "ಚೌರಿಯಿಂದ ಆಗಬೇಕಾದ ಕೊರತೆಗಿಂತ ಚಿತ್ರದಲ್ಲಿ ಕಂಡ ಕೊರತೆ ಸ್ವಲ್ಪ ಜಾಸ್ತಿ ಇದೆ."

"ಯಾಕೆ?"

"ಆವತ್ತು ಎಣ್ಣೆ ಜಾಸ್ತಿ ಇದ್ದಿರಬಹುದು. ಬೇರೆ ಥರ ಕೂತಿರಬಹುದು. ಈ ಸ್ಕ್ಯಾನ್ ಅಷ್ಟು ನಿಖರವಾಗಿ ತೋರಿಸೋದೂ ಇಲ್ಲ."

"ಅಥವಾ?"

"ಗೊತ್ತಿಲ್ಲ ಸರ್."

ಆ ನಡುವಿನ ದಿನಗಳಲ್ಲಿ ಒಂದೂ ಚಿತ್ರ ಏಕೆ ತೆಗೆಯಲಿಲ್ಲ ಎಂದು ಆಸ್ಪತ್ರೆಗೆ ಬರಹದಲ್ಲಿ ಕೇಳಿದೆ. ತಮ್ಮ ಕ್ರಮದ ಪ್ರಕಾರವೇ ನಡೆದಿದೆ ಎಂಬ ಉತ್ತರ ಬಂತು. ಕ್ರಮ ಏನು ಎಂದು ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ಆಯುಧಪೂಜೆಯ ನಂತರವೇ ಹೊಲಿದುಕೊಂಡೆ ಎಂದು ಅಕ್ಕ ಹೇಳುತ್ತಾಳೆ. ಹರಳೆಣ್ಣೆಯ ಬಾಟಲಿ ಅದಕ್ಕೂ ಮುಂಚೆಯೇ ಖಾಲಿಯಾಗುತ್ತಿತ್ತು ಎಂದು ಅತ್ತೆ ಹೇಳುತ್ತಾರೆ. ಇಬ್ಬರಲ್ಲಿ ಒಬ್ಬರಿಗೆ ನೆನಪು ತಪ್ಪಿದೆ, ಇಲ್ಲವೇ ಒಬ್ಬರು ಏನನ್ನೋ ಬಿಟ್ಟು ಹೇಳುತ್ತಿದ್ದಾರೆ. ಬಾವ ತಮ್ಮ ಮಾತಿನಿಂದ ಕದಲಿಲ್ಲ. "ಚೌರಿ ಸಿಕ್ಕಿದ್ದು ಆಸ್ಪತ್ರೆಯೋರ ಅದೃಷ್ಟ ಕಣಪ್ಪ" ಎನ್ನುತ್ತಾರೆ.

ಚಿಕಿತ್ಸೆ ಮತ್ತೆ ಶುರುವಾಗುವ ಮೊದಲು ಅಕ್ಕ ಪೂರ್ತಿ ತಲೆ ಬೋಳಿಸಿಕೊಂಡಳು. ಲಾಡ್ಜಿನ ಕೆಳಗಿನ ಕ್ಷೌರದ ಅಂಗಡಿಯವನು ಮೇಲೆ ಬಂದು ಬೋಳಿಸಿದ. ಅತ್ತೆ ಮೊದಲು ಬೇಡವೆಂದು ಅತ್ತರು. ಆಮೇಲೆ ಅದನ್ನು ಮನೆದೇವರಿಗೆ ಕೊಟ್ಟ ಮುಡಿ ಎಂದು ಲೆಕ್ಕಕ್ಕೆ ತೆಗೆದುಕೊಂಡರು. ಒಂದೆಳೆಯನ್ನೂ ಬಿಡದೆ ಬಾಚಿ ಕವರಿಗೆ ತುಂಬಿ, ಕವರನ್ನು ಊರು ಮುಟ್ಟುವವರೆಗೂ ಮಡಿಲಲ್ಲೇ ಇಟ್ಟುಕೊಂಡಿದ್ದರು.

ನರದ ಪಕ್ಕದ ಅಂಚಿಗೆಂದು ಹೊಸ ಯೋಜನೆ ಮಾಡಿ, ಕೆಲವು ದಿನ ಹೆಚ್ಚಿಗೆ ಚಿಕಿತ್ಸೆ ಕೊಟ್ಟರು. ಆ ದಿನಗಳಲ್ಲಿ ಪ್ರತಿ ಸಲವೂ ಚಿತ್ರ ತೆಗೆದರು. ನಾನು ಕೇಳಿ ನೋಡಿದ ಎಲ್ಲ ಚಿತ್ರಗಳಲ್ಲೂ ಬಣ್ಣ ಗೆರೆಗೆ ಮುಟ್ಟಿತ್ತು. ನನಗೆ ತೋರಿಸದ ಚಿತ್ರಗಳು ಇವೆಯೇ ಎಂದು ತಿಳಿಯದು. ನನ್ನ ನಾಲ್ಕನೇ ಪ್ಯಾರಾ ತುಂಬಿತು. ಸುದ್ದಿ ಅಚ್ಚಾಗಲಿಲ್ಲ.

ಚೌರಿ ಆಸ್ಪತ್ರೆಯಲ್ಲೇ ಉಳಿದಿದೆ. "ನಮ್ಮನೆ ಕೂದ್ಲು ಅವ್ರತ್ರ ಯಾಕ್ ಬುಟ್ ಬಂದ್ರಿ? ಓಗಿ ಈಸ್ಕಂಬನ್ನಿ" ಎಂದು ಅತ್ತೆ ಸಿಕ್ಕಾಗಲೆಲ್ಲ ಕೇಳುತ್ತಾರೆ. ಎರಡು ಸಲ ಕೇಳಿದ್ದೇನೆ. ಕಡತದ ಭಾಗ, ಕೊಡಲು ಬರುವುದಿಲ್ಲ ಎಂದರು.

ಕಳೆದ ವಾರ ಹಾಸನದಲ್ಲಿ ಎಂ.ಆರ್.ಐ. ಆಯಿತು. ಗೆಡ್ಡೆಯ ಅಳತೆ ಬದಲಾಗಿಲ್ಲ, ನರದ ಪಕ್ಕ ಇರುವುದು ಕಲೆಯೋ ಉಳಿದ ಗೆಡ್ಡೆಯೋ ಹೇಳಲಾಗದು ಎಂದು ವರದಿಯಲ್ಲಿದೆ. ನಿನ್ನೆ ಹೊಳೆನರಸೀಪುರದಲ್ಲಿ ಅಕ್ಕ ಎಡಗಣ್ಣು ಮುಚ್ಚಿಕೊಂಡು ಕೆಂಪು ದಾರದುಂಡೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಇಟ್ಟಿಗೆ ಬಣ್ಣ ಎಂದಳು.